ಕೊಳೆಯಿಸುವ ಕ್ರಿಮಿಯ ಸಕ್ಕರೆಯ ಕವಚ

ಮಳೆಗಾಲದಲ್ಲಿ ಉಗ್ರಾಣದ ಮೂಲೆಯಲ್ಲಿ ರಾಶಿಹಾಕಿದ ಆಲೂಗೆಡ್ಡೆಗಳ ಪೈಕಿ ಒಂದು ಕೊಳೆಯಿತೆಂದರೆ, ಮನೆಯಾಕೆಗೆ ಅದನ್ನು ಕಂಡುಹಿಡಿಯಲು ಕಣ್ಣು ಬೇಕಾಗಿಲ್ಲ; ಮೂಗೇ ಸಾಕು. ಕೈಗೆತ್ತಿಕೊಂಡರೆ ಸಿಪ್ಪೆ ಮಾತ್ರ ಇದ್ದಂತೆಯೇ ಇದ್ದು, ಒಳಗಿನ ತಿರುಳೆಲ್ಲ ಗಂಜಿಯಂತಾಗಿರುವುದು. ಬೆರಳೊತ್ತಿದ ಕಡೆ ಲೋಳೆನೀರು ಒಸರುವುದು. ಆ ನೀರು ಪಕ್ಕದ ನಾಲ್ಕು ಗೆಡ್ಡೆಗಳಿಗೆ ತಗುಲಿತೋ, ಕೆಲವೇ ದಿನಗಳಲ್ಲಿ ಅವೂ ಅದೇ ದಾರಿ ಹಿಡಿಯುವುವು. ಈರುಳ್ಳಿ, ಮೂಲಂಗಿ, ಗಜ್ಜರಿ, ಎಲೆಕೋಸು ಇವುಗಳಿಗೂ ಈ ಪೀಡೆ ತಪ್ಪಿದ್ದಲ್ಲ. ಬೂಷ್ಟು ಹಿಡಿದು ಕೆಡುವುದು ಬೇರೆ, ಈ ಮೆತ್ತನೆಯ ಕೊಳೆ ಬೇರೆ. ಇದನ್ನು ಉಂಟುಮಾಡತಕ್ಕವು ಬ್ಯಾಕ್ಟೀರಿಯವೆಂಬ ಏಕಕೋಶಜೀವಿಗಳು. ಒಂದು ಮಿಲ್ಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟು ಮಾತ್ರ ಉದ್ದವುಳ್ಳವು. ಇಷ್ಟು ಅಲ್ಪವಾದ ಜೀವಿಯು ತನ್ನ ಮೈಮೇಲೆ ಸಕ್ಕರೆಯ ಸರಪಳಿಗಳಿಂದ ಹೆಣೆದ ಒಂದು ಕವಚವನ್ನು ತೊಟ್ಟಿರುವುದೆಂದೂ, ಅದನ್ನು ಕಾಪಾಡುವುದೂ ಅದರ ಗುಟ್ಟನ್ನು ಶತ್ರುವಿಗೆ ತಿಳಿಸಿಕೊಡುವುದೂ ಆ ಕವಚವೇ ಎಂದೂ ರಸಾಯನಶಾಸ್ತ್ರಜ್ಞರು ಬಹು ಶ್ರಮಪಟ್ಟು ತಿಳಿದುಕೊಂಡಿದ್ದಾರೆ. ಆ ಕವಚದ ವಿಚಾರವನ್ನು ವಾಚಕರ ಮುಂದಿಡುವುದು ಇಲ್ಲಿಯ ಉದ್ದೇಶ.

ಸಸ್ಯಗಳಿಗೆ ಬ್ಯಾಕ್ಟೀರಿಯದಿಂದ ರೋಗ ಬರುವುದೆಂಬ ಮಾತನ್ನೇ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಅನೇಕ ಪಂಡಿತರು ಒಪ್ಪಿರಲಿಲ್ಲ. ಜರ್ಮನಿಯ ಆಲ್ಫ್ರೆಡ್ ಫಿಷರ್ ಎಂಬ ವಿದ್ವಾಂಸರಿಗೂ ಅಮೆರಿಕದ ಅರ್ವಿನ್ ಸ್ಮಿತ್ ಎಂಬವರಿಗೂ ಈ ವಿಷಯವಾಗಿ 1897ರಿಂದ 1901ರ ವರೆಗೆ ಪತ್ರಿಕೆಗಳಲ್ಲಿ ದೊಡ್ಡ ಕದನವೇ ನಡೆಯಿತು. ಗೆದ್ದವರು ಸ್ಮಿತ್. ಆ 1901ರಲ್ಲಿಯೇ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಎಲ್. ಆರ್. ಜೋನ್ಸ್ ಎಂಬವರು ಗಜ್ಜರಿಯನ್ನು ಕೊಳೆಯಿಸುವ ಕ್ರಿಮಿಯನ್ನು ಬೇರ್ಪಡಿಸಿ ವರ್ಣಿಸಿದರು. ಮುಂದೆ 1917ರಲ್ಲಿ ಸ್ಮಿತ್ತರ ಗೌರವಾರ್ಥವಾಗಿ ಈ ಕುಲಕ್ಕೆ ಅರ್ವಿನಿಯ ಎಂಬ ಹೆಸರಾಯಿತು. ಅದರಲ್ಲಿ ಕೊಳೆಯಿಸುವ ಜಾತಿಗಳನ್ನು ಪ್ರತ್ಯೇಕಿಸಿ ಪೆಕ್ಟೋಬ್ಯಾಕ್ಟೀರಿಯಮ್ ಎಂದು ಕರೆಯಬೇಕೆಂದು 1945ರಲ್ಲಿ ಸೂಚನೆ ಬಂದಿತು. ಮತ್ತೊಂದು ಕವಲಿಗೆ 2005ರಲ್ಲಿ ಡಿಕೀಯ ಎಂದು ನಾಮಕರಣವಾಯಿತು. ಹೆಸರಿಡುವ ಪಂಡಿತರ ಉತ್ಸಾಹಕ್ಕೆ ಕೊನೆಯಿಲ್ಲ. ನಮಗೆ ಪೆಕ್ಟೋಬ್ಯಾಕ್ಟೀರಿಯಮ್, ಡಿಕೀಯ ಎಂಬ ಎರಡು ಹೆಸರುಗಳು ನೆನಪಿದ್ದರೆ ಸಾಕು.

ಈ ಕ್ರಿಮಿಗಳು ಗೆಡ್ಡೆಯನ್ನು ಕೊಳೆಯಿಸುವ ಬಗೆ ಹೇಗೆಂದರೆ: ಸಸ್ಯದ ಮೈಯೆಂಬುದು ಇಟ್ಟಿಗೆಯ ಗೋಡೆಯಂತೆ ಅಸಂಖ್ಯಾತ ಜೀವಕೋಶಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ಕಟ್ಟಿದುದು. ಇಟ್ಟಿಗೆಗಳ ನಡುವಣ ಗಾರೆಯ ಕೆಲಸವನ್ನು ಪೆಕ್ಟಿನ್ ಎಂಬ ವಸ್ತು ಮಾಡುವುದು. ಸೀಬೆಹಣ್ಣಿನ ರಸವನ್ನು ಸಕ್ಕರೆ ಹಾಕಿ ಕಾಯಿಸಿ ಆರಿಸಿದಾಗ ಅದು ಅಲುಗುವ ಜೆಲ್ಲಿಯಾಗಿ ಹೆಪ್ಪುಗಟ್ಟುವುದು ಈ ಪೆಕ್ಟಿನ್ನಿನ ಗುಣದಿಂದಲೇ. ಇದೂ ಸಕ್ಕರೆಯ ನಂಟನಾದ ಒಂದು ಆಮ್ಲದ ಅಣುಗಳು ನೂರಾರು ಸಂಖ್ಯೆಯಲ್ಲಿ ಕೈಕೈ ಹಿಡಿದು ಆದ ಸರಪಳಿ. ಕ್ರಿಮಿಯು ತನ್ನ ಮೈಯಿಂದ ಕಿಣ್ವಗಳನ್ನು ಹೊರಸೂಸಿ ಈ ಸರಪಳಿಯನ್ನು ತುಂಡುತುಂಡಾಗಿ ಕತ್ತರಿಸಿ, ಆ ತುಂಡುಗಳನ್ನೇ ಆಹಾರವಾಗಿ ಸೇವಿಸುವುದು. ಗಾರೆ ಕರಗಿದ ಮೇಲೆ ಗೋಡೆ ನಿಲ್ಲುವುದುಂಟೆ? ಇಲ್ಲಿಯೂ ಕ್ರಿಮಿಗಳು ಒಂದು ಯುಕ್ತಿಯನ್ನು ತೋರುವುವು. ಒಂದೆರಡೇ ಸೇರಿ ಕಿಣ್ವವನ್ನು ಚೆಲ್ಲಿದರೆ ಸಸ್ಯವು ಎಚ್ಚೆತ್ತು ಅವುಗಳನ್ನು ಸದೆಬಡಿಯಬಹುದು. ಆದುದರಿಂದ ಪ್ರತಿಯೊಂದು ಕ್ರಿಮಿಯೂ ಒಂದು ಸಣ್ಣ ರಾಸಾಯನಿಕ ಸಂಕೇತವನ್ನು ಸುತ್ತಲೂ ಬಿಡುತ್ತಿರುವುದು. ಜನಸಂದಣಿ ಹೆಚ್ಚಿ ಆ ಸಂಕೇತವು ದಟ್ಟವಾದ ಮೇಲೆಯೇ ಎಲ್ಲವೂ ಒಮ್ಮೆಗೇ ದಾಳಿಯಿಡುವುವು. ನಿನ್ನೆ ಚೆನ್ನಾಗಿದ್ದ ಗೆಡ್ಡೆ ಇಂದು ನೀರಾಯಿತೆಂದು ನಾವು ಬೆರಗಾಗುವುದಕ್ಕೆ ಇದೂ ಒಂದು ಕಾರಣ.

ಪ್ರಸಂಗವಶಾತ್ ಒಂದು ಮಾತು. ಆಲೂಗೆಡ್ಡೆಯ ಸಿಪ್ಪೆಯ ಮೇಲೆ ಕಾಣುವ ಸಣ್ಣ ಚುಕ್ಕೆಗಳು ಅದು ಉಸಿರಾಡುವ ರಂಧ್ರಗಳು. ಸಿಪ್ಪೆಯ ಮೇಲೆ ನೀರಿನ ತೆಳುಪೊರೆ ನಿಂತರೆ ಒಳಕ್ಕೆ ಆಮ್ಲಜನಕವು ಸಾಲದೆ ಗೆಡ್ಡೆಯ ರಕ್ಷಣಾಶಕ್ತಿ ಕುಗ್ಗುವುದು. ಕ್ರಿಮಿಗಾದರೋ ಆಮ್ಲಜನಕವಿಲ್ಲದಿದ್ದರೂ ನಡೆಯುವುದು. ಆದುದರಿಂದ ಗೆಡ್ಡೆಗಳನ್ನು ತೊಳೆದು ಕೂಡಿಡುವುದು ಎಂದಿಗೂ ಒಳ್ಳೆಯದಲ್ಲ. ಮಣ್ಣು ಒಣಗಿಸಿ ಕೊಡವಿ, ಗಾಳಿಯಾಡುವ ಬುಟ್ಟಿಯಲ್ಲಿ ಹರಡಿ, ಗಾಯವಾದುದನ್ನು ಮೊದಲು ಅಡಿಗೆಗೆ ಉಪಯೋಗಿಸಿಕೊಳ್ಳುವುದು ಮೇಲು. ಹಳೆಯ ಕಾಲದ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಗೆಡ್ಡೆಯ ವ್ಯಾಪಾರಿಗಾಗಲಿ, ಹಾಸನ ಚಿಕ್ಕಬಳ್ಳಾಪುರಗಳ ಕಡೆ ಆಲೂಗೆಡ್ಡೆ ಬೆಳೆಯುವ ರೈತನಿಗಾಗಲಿ ನಷ್ಟವು ಬುಟ್ಟಿಯ ಲೆಕ್ಕದ್ದಲ್ಲ, ಮೂಟೆಯ ಲೆಕ್ಕದ್ದು. ಒಮ್ಮೆ ಗೆಡ್ಡೆಯೊಳಗೆ ಹೊಕ್ಕ ಈ ಕ್ರಿಮಿಯನ್ನು ಕೊಂದು ಗೆಡ್ಡೆಯನ್ನು ಉಳಿಸತಕ್ಕ ಔಷಧವಿಲ್ಲವಾದುದರಿಂದಲೇ ವಿಜ್ಞಾನಿಗಳ ಗಮನವು ಅದರ ಹೊರಮೈಯ ಕಡೆಗೆ ತಿರುಗಿದುದು.

ಹಾಗಾದರೆ ಆ ಹೊರಮೈ ಎಂತಹುದು? ಈ ಕುಲದ ಕ್ರಿಮಿಗಳಿಗೆ ಎರಡು ಪೊರೆಗಳುಂಟು. ಹೊರಪೊರೆಯ ಮೇಲ್ಮೈಯಲ್ಲಿ ಹೆಚ್ಚಿನ ಭಾಗವನ್ನು ಲಿಪೋಪಾಲಿಸ್ಯಾಕರೈಡ್ ಎಂಬ ದೊಡ್ಡ ಅಣುಗಳು ಆವರಿಸಿರುವುವು. ಹೆಸರು ಉದ್ದವಾದರೂ ಅರ್ಥ ಸರಳ: ಲಿಪಿಡ್ ಎಂದರೆ ಕೊಬ್ಬು, ಪಾಲಿಸ್ಯಾಕರೈಡ್ ಎಂದರೆ ಬಹುಶರ್ಕರ, ಅಂದರೆ ಅನೇಕ ಸಕ್ಕರೆಗಳು ಸೇರಿ ಆದ ಸರಪಳಿ. ಗದ್ದೆಯಲ್ಲಿ ನಾಟಿಮಾಡಿದ ಪೈರನ್ನು ಊಹಿಸಿಕೊಳ್ಳಿರಿ. ಕೆಸರಿನಲ್ಲಿ ಹುಗಿದಿರುವ ಬೇರಿನಂತೆ ಕೊಬ್ಬಿನ ಭಾಗವು ಪೊರೆಯಲ್ಲಿ ಊರಿಕೊಂಡಿರುವುದು. ಅದರ ಮೇಲೆ ಬುಡದಂತಿರುವ ಗಿಡ್ಡನೆಯ ಸಕ್ಕರೆಯ ತಿರುಳು. ಅದಕ್ಕೂ ಮೇಲೆ ಗಾಳಿಯಲ್ಲಿ ತೂಗುವ ಗರಿಯಂತೆ ಉದ್ದವಾದ ಸಕ್ಕರೆಯ ಸರಪಳಿ. ಈ ಗರಿಗೆ 'ಓ' ಸರಪಳಿಯೆಂದು ಹೆಸರು. ಬೇರು ಬುಡಗಳು ಹತ್ತಿರದ ಸಂಬಂಧಿಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವುವು. ಗರಿ ಮಾತ್ರ ತಳಿಯಿಂದ ತಳಿಗೆ ಬೇರೆ.

ಈ 'ಓ' ಎಂಬ ಅಕ್ಷರವು ಗೃಹಸ್ಥರಿಗೆ ತೀರ ಅಪರಿಚಿತವೇನೂ ಅಲ್ಲ. ವಿಷಮಶೀತಜ್ವರದ ಸಂದೇಹ ಬಂದಾಗ ರಕ್ತವನ್ನು ಕೊಟ್ಟು ವಿಡಾಲ್ ಪರೀಕ್ಷೆ ಮಾಡಿಸುವುದುಂಟಷ್ಟೆ? ಆ ಕಾಗದದಲ್ಲಿ 'ಓ' ಎಂದೂ 'ಎಚ್' ಎಂದೂ ಎರಡು ಸಾಲುಗಳಿರುವುವು. ಅಲ್ಲಿಯ 'ಓ' ಎಂಬುದು ವಿಷಮಜ್ವರದ ಕ್ರಿಮಿಯ ಮೈಮೇಲಣ ಇಂತಹುದೇ ಸಕ್ಕರೆಯ ಗರಿ. ನಮ್ಮ ರಕ್ತವು ಆ ಗರಿಯ ಗುರುತನ್ನು ಹಿಡಿದು ಪ್ರತಿವಸ್ತುವನ್ನು ಸೃಷ್ಟಿಸಿದೆಯೋ ಇಲ್ಲವೋ ಎಂಬುದನ್ನು ಆ ಪರೀಕ್ಷೆ ತಿಳಿಸುವುದು. ಗೆಡ್ಡೆಯ ಕ್ರಿಮಿ ಮನುಷ್ಯನಿಗೆ ವಿಷಮಜ್ವರ ತರುವುದಲ್ಲ. ಉಡುಪಿನ ಕುಶಲಕಲೆ ಮಾತ್ರ ಎರಡಕ್ಕೂ ಒಂದೇ.

ಸಕ್ಕರೆಯೆಂದೊಡನೆ ನಮಗೆ ನೆನಪಾಗುವುದು ಕಬ್ಬಿನ ಸಕ್ಕರೆ. ರಸಾಯನಶಾಸ್ತ್ರದಲ್ಲಿ ಸಕ್ಕರೆಗಳು ಅನೇಕವಾಗಿವೆ. ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಈ ಮೂರರಲ್ಲಿಯೂ ಇಂಗಾಲದ ಪರಮಾಣುಗಳು 6, ಜಲಜನಕದವು 12, ಆಮ್ಲಜನಕದವು 6. ಲೆಕ್ಕ ಒಂದೇ, ಆದರೆ ಒಂದೆರಡು ಕಡೆ ಪರಮಾಣುಗಳ ಗುಂಪು ಮೇಲ್ಮುಖವಾಗಿದೆಯೋ ಕೆಳಮುಖವಾಗಿದೆಯೋ ಎಂಬಷ್ಟರಿಂದಲೇ ಸಕ್ಕರೆಯು ಬೇರೆಯಾಗುವುದು. ಅದಕ್ಕಿಂತಲೂ ವಿಸ್ಮಯಕರವಾದುದು ಅವು ಪರಸ್ಪರ ಕೈಹಿಡಿಯುವ ರೀತಿ. ಅಕ್ಕಿಯ ಪಿಷ್ಟವೂ ಹತ್ತಿಯ ನೂಲೂ ಕೇವಲ ಗ್ಲೂಕೋಸಿನಿಂದಾದ ಸರಪಳಿಗಳು. ಒಂದರಲ್ಲಿ ಕೊಂಡಿಯು ಒಂದು ದಿಕ್ಕಿಗೆ ವಾಲಿದೆ, ಇನ್ನೊಂದರಲ್ಲಿ ಮತ್ತೊಂದು ದಿಕ್ಕಿಗೆ. ಇಷ್ಟರಿಂದಲೇ ಒಂದನ್ನು ನಾವು ಉಣ್ಣುತ್ತೇವೆ, ಇನ್ನೊಂದನ್ನು ಉಡುತ್ತೇವೆ! ಆದುದರಿಂದ ಕ್ರಿಮಿಯ ಗರಿಯನ್ನು ತಿಳಿಯಬೇಕಾದರೆ ಅದರಲ್ಲಿರುವ ಸಕ್ಕರೆಗಳು ಯಾವುವೆಂದು ಹೇಳಿದರೆ ಸಾಲದು. ಯಾವುದರ ಎಷ್ಟನೆಯ ಇಂಗಾಲಕ್ಕೆ ಯಾವುದು ಯಾವ ದಿಕ್ಕಿನಿಂದ ಅಂಟಿದೆಯೆಂಬುದನ್ನೂ ಹೇಳಬೇಕು. ಕಣ್ಣಿಗಿರಲಿ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಸರಪಳಿಯಲ್ಲಿ ಇದನ್ನು ತಿಳಿಯುವುದು ಹೇಗೆ?

ಅದರ ಕ್ರಮ ಬಲು ಸೊಗಸಾಗಿದೆ. ಮೊದಲು ಕ್ರಿಮಿಗಳನ್ನು ಪಾತ್ರೆಗಳಲ್ಲಿ ಹೇರಳವಾಗಿ ಬೆಳೆಯಿಸಿ, ಬಿಸಿಮಾಡಿದ ಫೀನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಕದಡುವರು. ಇದು ಜರ್ಮನಿಯ ವೆಸ್ಟ್‌ಫಾಲ್ ಮತ್ತು ಅವರ ಸಂಗಡಿಗರು 1952ರಲ್ಲಿ ಪ್ರಕಟಿಸಿದ ವಿಧಾನ. ಸುಮಾರು 68 ಡಿಗ್ರಿ ಉಷ್ಣತೆಯಲ್ಲಿ ಒಂದಾಗಿ ಬೆರೆತಿದ್ದ ಫೀನಾಲೂ ನೀರೂ ತಣ್ಣಗಾದೊಡನೆ ಎಣ್ಣೆ ನೀರಿನಂತೆ ಬೇರೆಯಾಗುವುವು. ಸಾಮಾನ್ಯವಾಗಿ ಸಕ್ಕರೆಯ ಅಣುಗಳು ನೀರಿನ ಪಾಲಿಗೂ ಪ್ರೋಟೀನುಗಳು ಫೀನಾಲಿನ ಪಾಲಿಗೂ ಹೋಗುವುವು. ಬಳಿಕ ವಿನೆಗರ್‌ಗಿಂತ ಸಪ್ಪೆಯಾದ ಅಸಿಟಿಕ್ ಆಮ್ಲದಲ್ಲಿ ಕಾಯಿಸಿದರೆ ಕೊಬ್ಬಿನ ಬೇರು ಕಳಚಿ ಬೀಳುವುದು, ಗರಿ ಮಾತ್ರ ಉಳಿಯುವುದು.

ಇನ್ನು ಕೊಂಡಿಗಳ ಪತ್ತೆ. ಒಂದು ಹಜಾರದಲ್ಲಿ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಂತಿದ್ದಾರೆಂದು ಭಾವಿಸಿರಿ. ಅವರ ಮೇಲೆ ಹೋಳಿಯ ಬಣ್ಣವನ್ನು ಎರಚಿ, ಆಮೇಲೆ ಕೈಗಳನ್ನು ಬಿಡಿಸಿ ನೋಡಿದರೆ, ಹಿಡಿದುಕೊಂಡಿದ್ದ ಅಂಗೈಗಳು ಮಾತ್ರ ಬಣ್ಣವಿಲ್ಲದೆ ಇರುವುವು. ರಸಾಯನಜ್ಞನು ಮಾಡುವುದೂ ಇಷ್ಟೇ. ಸರಪಳಿಯಲ್ಲಿ ಬಿಡುವಾಗಿರುವ ಪ್ರತಿಯೊಂದು ಸ್ಥಾನಕ್ಕೂ ಮೀಥೈಲ್ ಎಂಬ ಗುಂಪನ್ನು ಅಂಟಿಸಿ, ಅನಂತರ ಸರಪಳಿಯನ್ನು ಆಮ್ಲದಿಂದ ಮುರಿದು, ಯಾವ ಸ್ಥಾನಕ್ಕೆ ಮೀಥೈಲ್ ಅಂಟಿಲ್ಲವೆಂದು ಪರೀಕ್ಷಿಸುವನು. ಅಂಟದೆ ಇದ್ದ ಸ್ಥಾನವೇ ಕೊಂಡಿಯ ಸ್ಥಾನ. ಕೊನೆಯದಾಗಿ, ಮುರಿಯದ ಸರಪಳಿಯ ದ್ರಾವಣವನ್ನು ಪ್ರಬಲವಾದ ಕಾಂತದ ನಡುವೆ ಇಟ್ಟು ರೇಡಿಯೋ ಅಲೆಗಳನ್ನು ಹಾಯಿಸಿದರೆ, ಒಂದೊಂದು ಜಲಜನಕ ಪರಮಾಣುವೂ ತನ್ನ ನೆರೆಹೊರೆಗೆ ತಕ್ಕಂತೆ ಬೇರೆಬೇರೆ ಸ್ವರದಲ್ಲಿ ಉತ್ತರ ಕೊಡುವುದು. ಕೊಂಡಿಯು ಯಾವ ಕಡೆಗೆ ವಾಲಿದೆಯೆಂಬುದು ಆ ಸ್ವರದಿಂದಲೇ ತಿಳಿಯುವುದು.

ಪೋಲೆಂಡಿನ ಗ್ಡಾನ್ಸ್ಕ್ ನಗರದ ವಿಶ್ವವಿದ್ಯಾನಿಲಯದಲ್ಲಿ ಈ ಕೆಲಸವು ವಿಶೇಷವಾಗಿ ನಡೆದಿದೆ. ಪೋಲೆಂಡು ಆಲೂಗೆಡ್ಡೆಯ ನಾಡಾದುದರಿಂದ ಇದು ಸಹಜವೇ. ಈ ಶತಮಾನದ ಆರಂಭದ ವರ್ಷಗಳಲ್ಲಿ ಯೂರೋಪಿನ ಆಲೂಗೆಡ್ಡೆಯ ಹೊಲಗಳಲ್ಲಿ ಹೊಸದೊಂದು ಕ್ರಿಮಿ ಕಾಣಿಸಿಕೊಂಡು ಬಹಳ ಹಾನಿ ಮಾಡಿತು; ಅದಕ್ಕೆ 2014ರಲ್ಲಿ ಡಿಕೀಯ ಸೊಲಾನಿ ಎಂದು ಹೆಸರಿಟ್ಟರು. ಬೇರೆಬೇರೆ ಕಡೆಗಳಿಂದ ಹಿಡಿದು ತಂದ ಅದರ ತಳಿಗಳ ಗರಿಗಳನ್ನು ಗ್ಡಾನ್ಸ್ಕಿನವರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾಗಿದೆ. ಎಲ್ಲ ತಳಿಗಳದೂ ಒಂದೇ ಗರಿ. ಆ ಗರಿಯಲ್ಲಿ ಇರುವುದೂ ಒಂದೇ ಬಗೆಯ ಸಕ್ಕರೆ. ಅದು ಆಲ್ಟ್ರೋಸ್ ಎಂಬ ಅಪರೂಪದ ಸಕ್ಕರೆಯಿಂದ ಒಂದು ಆಮ್ಲಜನಕ ಪರಮಾಣುವನ್ನು ಕಳೆದಂತಹ ರೂಪ. ಎರಡು ಮೂರು ಬಗೆಯ ಮಣಿಗಳನ್ನು ಒಂದು ಕ್ರಮದಲ್ಲಿ ಪೋಣಿಸಿ ಅದನ್ನೇ ಮತ್ತೆ ಮತ್ತೆ ಆವರ್ತಿಸುವುದು ಇತರ ಅನೇಕ ಕ್ರಿಮಿಗಳ ವಾಡಿಕೆಯಾದರೆ, ಇದರದು ಒಂದೇ ಮಣಿಯ ಸರ. ಪೊಲೀಸರಿಗೆ ಹೆಬ್ಬೆಟ್ಟಿನ ಗುರುತು ಹೇಗೋ ಹಾಗೆ ಈ ಸರವು ಕ್ರಿಮಿಯ ಗುರುತಾಗಿ ಪರಿಣಮಿಸಿದೆ.

ಇದುವರೆಗೆ ಹೇಳಿದ ಗರಿ ಮೈಗೆ ಬೇರೂರಿದ ಉಡುಪು. ಇನ್ನು ಕೆಲವು ಕ್ರಿಮಿಗಳು ಅದರ ಜೊತೆಗೆ ಬಹುಶರ್ಕರವನ್ನು ಲೋಳೆಯಾಗಿ ಮೈಯಿಂದ ಹೊರಕ್ಕೂ ಸುರಿಸುವುವು. ಟೊಮೇಟೊ ಗಿಡವು ನೀರಿದ್ದರೂ ಇದ್ದಕ್ಕಿದ್ದಂತೆ ಬಾಡಿದರೆ, ಅದರ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದು ನೋಡಿರಿ; ಬಾಡುರೋಗದ ಕ್ರಿಮಿಯಿದ್ದಲ್ಲಿ ಕೆಲವು ನಿಮಿಷಗಳಲ್ಲಿಯೇ ಹಾಲಿನಂತಹ ಎಳೆಗಳು ಕೆಳಕ್ಕೆ ಇಳಿಯುವುವು. ಅದು ಕ್ರಿಮಿ ಮತ್ತು ಲೋಳೆ. ಗಿಡದ ನೀರಿನ ನಾಳಗಳೊಳಗೆ ಈ ಲೋಳೆ ತುಂಬಿ ಕಟ್ಟಿಕೊಂಡುದರಿಂದಲೇ ಎಲೆಗೆ ನೀರು ಏರದೆ ಗಿಡವು ಬಾಡಿದುದು.

ಎಲೆಕೋಸಿನ ಅಂಚಿನಿಂದ ಹಳದಿಯ ತ್ರಿಕೋನವಾಗಿ ಆರಂಭಿಸಿ ನರಗಳನ್ನು ಕಪ್ಪಾಗಿಸುವ ಕರಿಕೊಳೆಯ ಕ್ರಿಮಿಯೂ ಇಂತಹ ಲೋಳೆಗಾರನೇ. ಕ್ಸಾಂತೊಮೋನಾಸ್ ಎಂಬುದು ಅದರ ಕುಲ; ಭತ್ತದ ಎಲೆ ಒಣಗಿಸುವ ಕ್ರಿಮಿಯೂ, ಬಾಗಲಕೋಟೆ ವಿಜಯಪುರಗಳ ದಾಳಿಂಬೆ ತೋಟಗಳನ್ನು ಹಾಳುಗೆಡಹಿದ ದುಂಡಾಣು ಅಂಗಮಾರಿಯ ಕ್ರಿಮಿಯೂ ಅದೇ ಕುಲದವು. ಅಮೆರಿಕದ ಪಿಯೋರಿಯ ನಗರದ ಸರಕಾರಿ ಪ್ರಯೋಗಶಾಲೆಯಲ್ಲಿ ಅಲೀನ್ ಜೀನ್ಸ್ ಎಂಬ ವಿದುಷಿಯೂ ಅವರ ಸಂಗಡಿಗರೂ ಈ ಎಲೆಕೋಸಿನ ಕ್ರಿಮಿಯ ಲೋಳೆಯನ್ನು ಶೋಧಿಸಿ, ಅದು ನೀರನ್ನು ಗಟ್ಟಿಮಾಡುವುದರಲ್ಲಿ ಅಸಮಾನವಾದುದೆಂದು ಕಂಡುಕೊಂಡರು. ಅದೇ ಕ್ಸಾಂತನ್ ಅಂಟು. ಅದನ್ನು ಆಹಾರದಲ್ಲಿ ಬಳಸಲು ಅಮೆರಿಕದ ಸರಕಾರವು 1969ರಲ್ಲಿ ಅನುಮತಿಯಿತ್ತಿತು. ಅದರ ರಚನೆಯನ್ನು ಸ್ವೀಡನ್ನಿನ ಲಿಂಡ್‌ಬೆರಿ ಮತ್ತು ಅವರ ಜೊತೆಯವರು 1975ರಲ್ಲಿ ಬಿಡಿಸಿದರು. ನಡುವಣ ಬೆನ್ನೆಲುಬು ಹತ್ತಿಯ ನೂಲಿನಂತೆಯೇ ಗ್ಲೂಕೋಸಿನ ಸರಪಳಿ. ಅದರ ಒಂದು ಬಿಟ್ಟು ಒಂದು ಮಣಿಗೆ ಮೂರು ಸಕ್ಕರೆಗಳ ಗೊಂಡೆ ತೂಗುಹಾಕಿದೆ. ಗೊಂಡೆಗಳಿಲ್ಲದಿದ್ದರೆ ನೀರಿನಲ್ಲಿ ಕರಗದ ನೂಲಾಗಿಬಿಡುತ್ತಿತ್ತು. ಗೊಂಡೆಗಳಿರುವುದರಿಂದ ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆಯಾಗಿದೆ. ಅಂಗಡಿಯ ಸಾಸಿನ ಶೀಸೆಯ ಚೀಟಿಯಲ್ಲಿ 415 ಎಂಬ ಸಂಖ್ಯೆ ಕಂಡರೆ ಅದು ಇದೇ. ನಿಂತಾಗ ಗಟ್ಟಿಯಾಗಿದ್ದು, ಅಲುಗಿಸಿದಾಗ ಸಲೀಸಾಗಿ ಸುರಿಯುವುದು ಇದರ ಗುಣ. ಕ್ರಿಮಿಯನ್ನು ಕೊಂದು ಶುದ್ಧಿಮಾಡಿದ ವಸ್ತುವಾದುದರಿಂದ ಹೇಸಬೇಕಾದುದೇನೂ ಇಲ್ಲ. ಹಾಲನ್ನು ಮೊಸರುಮಾಡುವುದೂ ಕ್ರಿಮಿಯಲ್ಲವೆ?

ಕವಚದ ಉಪಕಾರವನ್ನು ನೋಡಿದುದಾಯಿತು. ಈಗ ಅದು ಗುಟ್ಟು ಬಿಡುವ ಬಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಲೂಯಿಸ್ ಸೆಕ್ವೇರ ಮತ್ತು ಅವರ ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಡುರೋಗದ ಕ್ರಿಮಿಯ ಲಿಪೋಪಾಲಿಸ್ಯಾಕರೈಡನ್ನು ಮಾತ್ರ ತೆಗೆದು ಹೊಗೆಸೊಪ್ಪಿನ ಎಲೆಯೊಳಗೆ ತುಂಬಿದರು. ಅನಂತರ ಜೀವಂತವಾದ ಕ್ರಿಮಿಯನ್ನು ಹೊಗಿಸಿದಾಗ ಎಲೆಯು ಅದಕ್ಕೆ ಸಿದ್ಧವಾಗಿಯೇ ಇದ್ದಿತು! ಬರಿಯ ಉಡುಪನ್ನು ಕಂಡೇ ಸಸ್ಯವು ಕಳ್ಳನನ್ನು ಊಹಿಸಿದಂತಾಯಿತು. ಆದರೆ ಕಾವಲುಗಾರನು ನಿಜವಾಗಿ ನೋಡುವುದು ಉಡುಪಿನ ಯಾವ ಭಾಗವನ್ನು? 2015ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ಸಂಶೋಧಕರು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಈ ಕವಚವನ್ನು ಗುರುತಿಸುವ ಪ್ರೋಟೀನೊಂದನ್ನು ಕಂಡಿದ್ದೇವೆಂದು ಸಾರಿದರು. ನಾಲ್ಕು ವರ್ಷಗಳಲ್ಲಿ ಅದೇ ತಂಡದವರು ಇನ್ನೂ ಕೂಲಂಕಷವಾಗಿ ಶೋಧಿಸಿ, ಆ ಪ್ರೋಟೀನು ಹಿಡಿಯುವುದು ಕವಚವನ್ನಲ್ಲ, ಶುದ್ಧೀಕರಣದಲ್ಲಿ ಕವಚದೊಡನೆ ಅಂಟಿಕೊಂಡು ಬಂದ ಸಣ್ಣ ಕೊಬ್ಬಿನ ಆಮ್ಲಗಳನ್ನು ಎಂದು 2019ರಲ್ಲಿ ತಾವೇ ತೋರಿಸಿಕೊಟ್ಟರು. ಈ ಬಗೆಯ ಪ್ರಾಮಾಣಿಕತೆಗೆ ಬೆಲೆ ಕಟ್ಟಲಾಗದು. ಫೀನಾಲೂ ಆಮ್ಲವೂ ಬಳಸಿ ಇಷ್ಟು ಜಾಗರೂಕತೆಯಿಂದ ತೊಳೆಯುವುದೇಕೆಂದು ಕೇಳುವವರಿಗೆ ಇದೇ ಉತ್ತರ.

ಕವಚವನ್ನು ನಿಸ್ಸಂದೇಹವಾಗಿ ಗುರುತುಹಿಡಿಯುವ ಶತ್ರುವೊಂದು ಬೇರೆ ಉಂಟು. ಬ್ಯಾಕ್ಟೀರಿಯಗಳನ್ನು ತಿನ್ನುವ ವೈರಸುಗಳನ್ನು 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟರೂ 1917ರಲ್ಲಿ ಪ್ಯಾರಿಸಿನಲ್ಲಿ ದ ಎರೆಲ್ ಎಂಬವರೂ ಕಂಡರು. ಇವುಗಳಿಗೆ ಫೇಜುಗಳೆಂದು ಹೆಸರು. ಎಂಟು ವರ್ಷಗಳೊಳಗಾಗಿ, ಎಂದರೆ 1925ರಲ್ಲಿ, ಅಮೆರಿಕದ ಕೊಟಿಲ ಮತ್ತು ಕೂನ್ಸ್ ಎಂಬವರು ಕೊಳೆಯಿಸುವ ಕ್ರಿಮಿಯೊಡನೆ ಫೇಜನ್ನೂ ಸೇರಿಸಿ ಹಚ್ಚಿದರೆ ಆಲೂಗೆಡ್ಡೆ ಕೊಳೆಯುವುದಿಲ್ಲವೆಂದು ತೋರಿಸಿದರು. ಅನೇಕ ಫೇಜುಗಳು ಕ್ರಿಮಿಯ ಮೇಲೆ ಇಳಿಯುವಾಗ ಮೊದಲು ಹಿಡಿದುಕೊಳ್ಳುವುದು ಸಕ್ಕರೆಯ ಗರಿಯನ್ನೇ. ಬೀಗಕ್ಕೆ ತಕ್ಕ ಕೀಲಿಕೈಯಂತೆ, ಒಂದು ಗರಿಗೆ ಹೊಂದಿದ ಫೇಜು ಇನ್ನೊಂದಕ್ಕೆ ಹೊಂದದು.

ಹಾಗಾದರೆ ಕ್ರಿಮಿಯು ಗರಿಯನ್ನೇ ಕಿತ್ತೆಸೆದು ಪಾರಾಗಬಾರದೇಕೆ? ಪಾರಾಗುವುದೂ ಉಂಟು. ಪೋಲೆಂಡಿನ ಸಂಶೋಧಕರು ಡಿಕೀಯ ಸೊಲಾನಿಯಲ್ಲಿ, ಒಂದು ಫೇಜಿಗೆ ಬಗ್ಗದ 13 ಮಾರ್ಪಾಟು ತಳಿಗಳನ್ನು ಆರಿಸಿ ತೆಗೆದು, 2022ರಲ್ಲಿ ಅವುಗಳ ಪರಿಸ್ಥಿತಿಯನ್ನು ವರದಿಮಾಡಿದರು. ಅವುಗಳಲ್ಲಿ ಕೆಟ್ಟಿದ್ದುದು ಕವಚವನ್ನು ಹೆಣೆಯುವ ಕೆಲಸಕ್ಕೆ ಸಂಬಂಧಪಟ್ಟ ಜೀನುಗಳೇ. ಪ್ರಯೋಗಶಾಲೆಯ ಪಾತ್ರೆಯಲ್ಲಿ ಅವು ಎಂದಿನಂತೆ ಬೆಳೆದುವು. ಆದರೆ ಎಲೆಯ ಮೇಲೆ ಬಾಳಲಾರದಾದುವು; ಔಷಧಗಳಿಗೆ ಸುಲಭವಾಗಿ ತುತ್ತಾದುವು; ಆಲೂಗೆಡ್ಡೆಯ ಗಿಡದಲ್ಲಿ ರೋಗವನ್ನು ತರುವ ಶಕ್ತಿಯಂತೂ ಬಹುಮಟ್ಟಿಗೆ ಉಡುಗಿಹೋಯಿತು. ಕವಚವನ್ನು ತೊಟ್ಟರೆ ಫೇಜಿನ ಬಾಯಿಗೆ, ಕಳಚಿದರೆ ಗಿಡದ ಕೈಗೆ ಎಂಬಂತಾಯಿತು ಕ್ರಿಮಿಯ ಪಾಡು.

ಫೇಜುಗಳ ಬಳಕೆಯಲ್ಲಿ ತೊಡಕುಗಳು ಇಲ್ಲದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಎಲೆಯ ಮೇಲಣ ಫೇಜುಗಳನ್ನು ಬೇಗನೆ ಕೊಲ್ಲುವುವು. ಒಂದೇ ಫೇಜನ್ನು ನೆಚ್ಚಿದರೆ ಬೇರೆ ಗರಿಯ ಕ್ರಿಮಿಗಳು ತಪ್ಪಿಸಿಕೊಳ್ಳುವುವು. ಆದುದರಿಂದ ಹಲವು ಫೇಜುಗಳನ್ನು ಬೆರಸಿ, ಬಿಸಿಲು ಬೀಳದ ಕಡೆ, ಅಂದರೆ ಬಿತ್ತನೆಯ ಗೆಡ್ಡೆಗೂ ಕೂಡಿಟ್ಟ ಗೆಡ್ಡೆಗೂ ಹಚ್ಚುವ ಪ್ರಯತ್ನಗಳು ನಡೆದಿವೆ. ಯಾವ ಯಾವ ಫೇಜನ್ನು ಬೆರಸಬೇಕೆಂಬುದನ್ನು ಗೊತ್ತುಮಾಡಲು ಆಯಾ ಊರಿನ ಕ್ರಿಮಿಯ ಗರಿಯಲ್ಲಿ ಯಾವ ಸಕ್ಕರೆಯಿದೆ, ಅದರ ಕೊಂಡಿ ಎತ್ತ ವಾಲಿದೆ ಎಂಬ ವಿವರವು ನೆರವಾಗುವುದು.